ಹಗಲಿಗೆ ಮಾತ್ರ ಸಿಕ್ಕ ಮೇಜು: ಕಮಲಾ ಸೊಹೊನಿ ಅವರ ಸಂಶೋಧನೆಯ ಮೊದಲ ವರ್ಷಗಳು

ಫೆಬ್ರವರಿ 28 ಬಂದರೆ ಎಲ್ಲ ಶಾಲೆಗಳಲ್ಲೂ ಸರ್ ಸಿ.ವಿ. ರಾಮನ್ ಅವರ ಭಾವಚಿತ್ರಕ್ಕೆ ಹೂವಿನ ಹಾರ ಬೀಳುತ್ತದೆ. 1928ರಲ್ಲಿ ಬೆಳಕಿನ ಚದುರುವಿಕೆಯ ಬಗ್ಗೆ ಅವರು ಮಾಡಿದ ಶೋಧ, 1930ರಲ್ಲಿ ಬಂದ ನೊಬೆಲ್, ಸಮುದ್ರ ಏಕೆ ನೀಲಿ ಎಂಬ ಪ್ರಶ್ನೆ ಇವೆಲ್ಲ ಭಾಷಣದಲ್ಲಿ ಬರುತ್ತವೆ. ಅದೇ ರಾಮನ್ ಅವರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆ ಹುದ್ದೆಗೆ ಬಂದ ಮೊದಲ ಭಾರತೀಯರು ಅವರೇ. ಅದೇ ವರ್ಷ ಅವರ ಮೇಜಿನ ಮೇಲೆ ಮುಂಬಯಿಯಿಂದ ಒಂದು ಅರ್ಜಿ ಬಂತು. ಬಾಂಬೆ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರ ಓದಿ ಮೊದಲ ಸ್ಥಾನ ಪಡೆದ ವಿದ್ಯಾರ್ಥಿಯ ಅರ್ಜಿ ಅದು. ಅಂಕಗಳಲ್ಲಿ ಕೊರತೆ ಇರಲಿಲ್ಲ. ಅರ್ಜಿದಾರರು ಹೆಣ್ಣು ಎಂಬುದಷ್ಟೇ ತೊಂದರೆ. ಅರ್ಜಿ ತಿರಸ್ಕೃತವಾಯಿತು.

ಆ ಅರ್ಜಿದಾರರ ಹೆಸರು ಕಮಲಾ ಭಾಗವತ್. ಮದುವೆಯ ನಂತರ ಕಮಲಾ ಸೊಹೊನಿ. ಅಭ್ಯಾಸ ಬೋಧನೆಗೆಂದು ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಡೆ ಹೋಗಿದ್ದಾಗ ಒಂಬತ್ತನೆಯ ತರಗತಿಗೆ ಜೀವಕೋಶದ ಪಾಠದ ಜೊತೆ ಒಬ್ಬ ವಿಜ್ಞಾನಿಯ ಜೀವನವನ್ನು ಸೇರಿಸಬೇಕಿತ್ತು. ನಾನು ಇವರನ್ನು ಆರಿಸಿಕೊಂಡೆ. ಪಾಠಯೋಜನೆಗೆಂದು ಓದುತ್ತಾ ಹೋದಂತೆ ಒಂದು ಸಂಗತಿ ಕಾಣತೊಡಗಿತು. ಇವರ ಬಗ್ಗೆ ಬರುವ ಬರಹಗಳು ಬಹುತೇಕ ರಾಮನ್ ಅವರ ಬಾಗಿಲ ಬಳಿಯೇ ನಿಂತುಬಿಡುತ್ತವೆ. ಬಾಗಿಲು ತೆರೆಯಿತು, ಹುಡುಗಿ ಗೆದ್ದಳು, ಚಪ್ಪಾಳೆ. ಆ ಬಾಗಿಲ ಆಚೆ ಏನಾಯಿತು, ಪ್ರಯೋಗಾಲಯದಲ್ಲಿ ಕುಳಿತು ಅವರು ಏನು ಮಾಡಿದರು, ಯಾರು ಜಾಗ ಕೊಟ್ಟರು ಎಂಬುದು ಒಂದು ವಾಕ್ಯದಲ್ಲಿ ಮುಗಿಯುತ್ತದೆ. ವಿಜ್ಞಾನ ಶಿಕ್ಷಕರಾಗಲಿರುವ ನಮಗೆ ಬೇಕಾದದ್ದು ಆ ಒಂದು ವಾಕ್ಯದ ಒಳಗೆ ಇದೆ ಎಂದು ನನಗೆ ಅನ್ನಿಸಿತು. ಆದ್ದರಿಂದ ಈ ಲೇಖನದಲ್ಲಿ ಅವರ ಇಪ್ಪತ್ತೆರಡರಿಂದ ಇಪ್ಪತ್ತೆಂಟರವರೆಗಿನ ವಯಸ್ಸಿನ ಮೇಲೆ ಹೆಚ್ಚು ನಿಲ್ಲುತ್ತೇನೆ. ನಮ್ಮಲ್ಲಿ ಬಹುತೇಕರ ವಯಸ್ಸೂ ಅದೇ.

ಕಮಲಾ ಹುಟ್ಟಿದ್ದು 1911ರ ಜೂನ್ 18ರಂದು, ಇಂದೋರಿನಲ್ಲಿ. ತಂದೆ ನಾರಾಯಣರಾವ್ ಭಾಗವತ್ ಮತ್ತು ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನ ವಿಜ್ಞಾನಿಗಳು. ಬೆಂಗಳೂರಿನಲ್ಲಿ ಜನರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಅದೇ ಸಂಸ್ಥೆಯಲ್ಲಿ, ಅದರ ಆರಂಭದ ವರ್ಷಗಳಲ್ಲಿ ಓದಿದವರು. ಸಹೋದರಿ ದುರ್ಗಾ ಭಾಗವತ್ ಮುಂದೆ ಮರಾಠಿಯ ದೊಡ್ಡ ಲೇಖಕಿಯಾದರು. ಹೀಗೆ ಓದಿಗೆ ಕೊರತೆಯಿಲ್ಲದ ಮನೆ. ಇದನ್ನು ಮಕ್ಕಳಿಗೆ ಮರೆಮಾಡದೆ ಹೇಳಬೇಕು. ಮನೆಯಲ್ಲಿ ಇಬ್ಬರು ರಸಾಯನ ವಿಜ್ಞಾನಿಗಳು ಇದ್ದ ಹುಡುಗಿಗೇ ಬಾಗಿಲು ಮುಚ್ಚಿತ್ತು ಎಂದರೆ, ಮನೆಯಲ್ಲಿ ಅಕ್ಷರ ಕಲಿತ ಮೊದಲಿಗಳಾದ ತಾಂಡಾದ ಹುಡುಗಿಗೆ ಅದು ಎಷ್ಟು ದೂರ ಇತ್ತು ಎಂಬುದು ತಾನಾಗಿ ತಿಳಿಯುತ್ತದೆ.

ತಂದೆ ಮತ್ತು ಚಿಕ್ಕಪ್ಪ ತಾವು ಓದಿದ ಸಂಸ್ಥೆಯೆಂಬ ಸಲುಗೆಯಲ್ಲಿ ರಾಮನ್ ಅವರಿಗೆ ಹೇಳಿ ನೋಡಿದರು. ಪ್ರಯೋಜನವಾಗಲಿಲ್ಲ. ಆಗ ಕಮಲಾ ತಾವೇ ಬೆಂಗಳೂರಿಗೆ ಬಂದು ನಿರ್ದೇಶಕರ ಎದುರು ನಿಂತರು. ಗಾಂಧೀಜಿಯವರ ಸತ್ಯಾಗ್ರಹದ ಕಾಲ ಅದು. ಅದರ ಪ್ರಭಾವದಲ್ಲಿ ಬೆಳೆದ ಹುಡುಗಿ, ಪ್ರವೇಶ ಸಿಗುವವರೆಗೆ ಜಾಗ ಬಿಟ್ಟು ಕದಲುವುದಿಲ್ಲ ಎಂದು ಹಟ ಹಿಡಿದರು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತುಗಳ ಮೇಲೆ. ಮೊದಲ ಒಂದು ವರ್ಷ ಅವರನ್ನು ಕಾಯಂ ವಿದ್ಯಾರ್ಥಿ ಎಂದು ಎಣಿಸುವುದಿಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಪ್ರಯೋಗಾಲಯದ ವಾತಾವರಣ ಕೆಡಿಸಬಾರದು, ಅಂದರೆ ಅಲ್ಲಿದ್ದ ಗಂಡಸರ ಗಮನ ತಪ್ಪಿಸಬಾರದು. ವರ್ಷದ ಕೊನೆಗೆ ನಿರ್ದೇಶಕರಿಗೆ ತೃಪ್ತಿಯಾದರೆ ಮಾತ್ರ ಕೆಲಸಕ್ಕೆ ಮನ್ನಣೆ.

ಮೊದಲ ಎರಡು ಷರತ್ತುಗಳು ಕಠಿಣವಾದರೂ ಕೆಲಸಕ್ಕೆ ಸಂಬಂಧಿಸಿದವು. ಪ್ರೊಬೇಷನ್ ಎಂದರೇನೆಂದು ನಮಗೆಲ್ಲ ಗೊತ್ತು. ಮೂರನೆಯದು ಬೇರೆ ಜಾತಿಯದು. ಬೇರೆಯವರ ಗಮನ ತಪ್ಪಿದರೆ ಅದರ ಹೊಣೆಯೂ ಇವರದೇ ಎಂದು ಹೇಳಿದಂತೆ. ಕಮಲಾ ಮೂರನ್ನೂ ಒಪ್ಪಿಕೊಂಡು ಒಳಗೆ ಹೋದರು. ಆದರೆ ಮರೆಯಲಿಲ್ಲ. ದಶಕಗಳ ನಂತರ, ಹೆಸರು ಬಂದ ಮೇಲೆ, ಮಹಿಳಾ ವಿಜ್ಞಾನಿಗಳ ಸಭೆಯೊಂದರಲ್ಲಿ ಅವರು ಇದನ್ನು ಬಹಿರಂಗವಾಗಿ ಹೇಳಿದರು. ರಾಮನ್ ಮಹಾ ವಿಜ್ಞಾನಿ ಎಂಬುದನ್ನೂ, ಈ ವಿಷಯದಲ್ಲಿ ಸಣ್ಣ ಮನಸ್ಸಿನವರಾಗಿದ್ದರು ಎಂಬುದನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ತಮಗಾದದ್ದು ಅವಮಾನ ಎಂದೇ ಕರೆದರು.

ನನ್ನ ಪಾಠದ ನಂತರದ ಚರ್ಚೆಯಲ್ಲಿ ಸಹಪಾಠಿಯೊಬ್ಬರು ಈ ಭಾಗವನ್ನು ಮಕ್ಕಳಿಗೆ ಹೇಳಬೇಕಿತ್ತೇ ಎಂದು ಕೇಳಿದರು. ವಿಜ್ಞಾನ ದಿನದಂದು ಯಾರ ಚಿತ್ರಕ್ಕೆ ಕೈ ಮುಗಿಯುತ್ತಾರೋ ಅವರ ಬಗ್ಗೆಯೇ ಹೀಗೆ ಹೇಳಿದರೆ ಗೌರವ ಹೋಗುವುದಿಲ್ಲವೇ ಎಂಬುದು ಅವರ ಅಳಲು. ಅದು ತಳ್ಳಿಹಾಕುವ ಪ್ರಶ್ನೆಯಲ್ಲ. ಆದರೆ ಹೇಳಬೇಕು ಎಂಬುದೇ ನನ್ನ ನಿಲುವು. ಬೆಳಕು ಚದುರುವ ನಿಯಮ ರಾಮನ್ ಅವರ ಸ್ವಭಾವ ನೋಡಿ ನಿಜವಾಗುವುದಿಲ್ಲ, ಸುಳ್ಳೂ ಆಗುವುದಿಲ್ಲ. ಇದನ್ನು ಒಂಬತ್ತನೆಯ ತರಗತಿಯ ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಸುಲಭವಾಗಿ ಹಿಡಿಯುತ್ತಾರೆ. ಅವರು ಅಪ್ಪ ಅಮ್ಮನ ವಿಷಯದಲ್ಲಿ ದಿನಾ ಮಾಡುವ ಕೆಲಸವೂ ಅದೇ ತಾನೆ? ಕಮಲಾ ಅವರ ಒಂದು ವರ್ಷದ ಕೆಲಸ ನೋಡಿದ ರಾಮನ್ ತೃಪ್ತರಾಗಿ ಅವರಿಗೆ ಪೂರ್ಣ ಅವಕಾಶ ಕೊಟ್ಟರು, ಮುಂದೆ ಸಂಸ್ಥೆಯಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶ ಸಿಗತೊಡಗಿತು ಎಂಬುದನ್ನೂ ಸೇರಿಸಿಯೇ ಹೇಳಬೇಕು. 1940ರಲ್ಲಿ ಅನ್ನಾ ಮಾಣಿ ಸ್ವತಃ ರಾಮನ್ ಅವರ ಪ್ರಯೋಗಾಲಯಕ್ಕೇ ಸೇರಿ ವಜ್ರ, ಮಾಣಿಕ್ಯಗಳ ರೋಹಿತಗಳ ಮೇಲೆ ಕೆಲಸ ಮಾಡಿದರು. ಆದರೂ ಎಂ.ಎಸ್ಸಿ. ಇಲ್ಲ ಎಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. ಬಾಗಿಲು ಒಂದೇ ಅಲ್ಲ, ಒಂದರ ಹಿಂದೆ ಇನ್ನೊಂದು ಇರುತ್ತದೆ.

ಇನ್ನು ಒಳಗಿನ ಕೆಲಸಕ್ಕೆ ಬರೋಣ. ಬೆಂಗಳೂರಿನಲ್ಲಿ ಕಮಲಾ ಅವರ ಮಾರ್ಗದರ್ಶಕರು ಎಂ. ಶ್ರೀನಿವಾಸಯ್ಯ. ಸೂಕ್ಷ್ಮಜೀವಿಗಳ ರಸಾಯನಶಾಸ್ತ್ರ ಬಲ್ಲವರು, ಬಹಳ ಕಟ್ಟುನಿಟ್ಟಿನವರು, ಆದರೆ ಕಲಿಯಲು ಬಂದವರಿಗೆ ಧಾರಾಳವಾಗಿ ಕಲಿಸುತ್ತಿದ್ದವರು. ಹೊಸ ಸಂಶೋಧಕರಿಗೆ ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರ ಸ್ವಭಾವ ಮುಖ್ಯ ಎಂಬುದು ಈ ಜೀವನದಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಅವರ ಬಳಿ ಕಮಲಾ ಕೈಗೆತ್ತಿಕೊಂಡದ್ದು ಹಾಲು, ಬೇಳೆಕಾಳುಗಳ ಪ್ರೋಟೀನುಗಳನ್ನು. ಅದು ತೀರಾ ದೇಶೀಯ ವಿಷಯ. ಮಾಂಸ ತಿನ್ನದ, ತಿನ್ನಲು ಸಿಗದ ಕೋಟಿಗಟ್ಟಲೆ ಜನರಿಗೆ ಪ್ರೋಟೀನ್ ಬರುವುದು ಬೇಳೆಯಿಂದ. ಆ ಬೇಳೆಯಲ್ಲಿ ಯಾವ ಪ್ರೋಟೀನ್ ಎಷ್ಟಿದೆ, ಅದರಲ್ಲಿ ಎಷ್ಟು ದೇಹಕ್ಕೆ ದಕ್ಕುತ್ತದೆ ಎಂಬ ಲೆಕ್ಕವನ್ನು ಆಗ ನಮ್ಮ ದೇಶದಲ್ಲಿ ಮಾಡುತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ.

ಈ ಕೆಲಸ ಹೇಗಿರುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಏಕೆಂದರೆ ಸಂಶೋಧನೆ ಎಂದರೆ ಸೇಬು ಬೀಳುವುದು, ಸ್ನಾನದ ತೊಟ್ಟಿಯಿಂದ ಎದ್ದು ಓಡುವುದು ಎಂದು ಮಕ್ಕಳು ಮಾತ್ರವಲ್ಲ, ನಾವೂ ಅಂದುಕೊಂಡಿರುತ್ತೇವೆ. ಆ ಕಾಲದಲ್ಲಿ ಪ್ರೋಟೀನ್ ಅಳೆಯುವ ಸಾಮಾನ್ಯ ದಾರಿ ಕೆಲ್ಡಾಲ್ ವಿಧಾನ. ಬೇಳೆಯ ಪುಡಿಯನ್ನು ಸಾಂದ್ರ ಗಂಧಕಾಮ್ಲದಲ್ಲಿ ಗಂಟೆಗಟ್ಟಲೆ ಕುದಿಸಬೇಕು. ಪ್ರೋಟೀನಿನ ಸಾರಜನಕ ಅಮೋನಿಯಂ ಲವಣವಾಗುತ್ತದೆ. ಅದಕ್ಕೆ ಕ್ಷಾರ ಹಾಕಿ, ಹೊರಟ ಅಮೋನಿಯವನ್ನು ಬಟ್ಟಿ ಇಳಿಸಿ ಆಮ್ಲದಲ್ಲಿ ಹಿಡಿದು, ಅನುಮಾಪನ ಮಾಡಬೇಕು. ಸಿಕ್ಕ ಸಾರಜನಕವನ್ನು 6.25ರಿಂದ ಗುಣಿಸಿದರೆ ಪ್ರೋಟೀನಿನ ಅಂದಾಜು. ಪ್ರೋಟೀನಿನಲ್ಲಿ ಸರಿಸುಮಾರು ನೂರಕ್ಕೆ 16 ಭಾಗ ಸಾರಜನಕ ಇರುವುದರಿಂದ ಈ ಅಂಕಿ ಬಂದಿದೆ. ಇಷ್ಟೆಲ್ಲ ಮಾಡಿದರೆ ಸಿಗುವುದು ಒಂದು ಅಂಕಿ. ಅದು ಸರಿ ಎಂದು ತಿಳಿಯಲು ಮತ್ತೆರಡು ಬಾರಿ ಮಾಡಬೇಕು. ಬೇರೆ ಕಾಳು ಬಂದರೆ ಮೊದಲಿನಿಂದ ಶುರು. ಕಾಳಿನ ಪ್ರೋಟೀನುಗಳನ್ನು ಬೇರ್ಪಡಿಸುವುದು ಇನ್ನೊಂದು ಸಹನೆಯ ಕೆಲಸ. ಕೆಲವು ಬರಿ ನೀರಿನಲ್ಲಿ ಕರಗುತ್ತವೆ, ಬೇಳೆಯಲ್ಲಿ ಹೆಚ್ಚಾಗಿರುವ ಗ್ಲೋಬ್ಯುಲಿನ್‌ಗಳಿಗೆ ಉಪ್ಪು ನೀರೇ ಬೇಕು. ಸಂಶೋಧನೆಗೆ ಹೊಸದಾಗಿ ಬಂದವರ ವರ್ಷಗಳು ಹೀಗೆಯೇ ಸವೆಯುತ್ತವೆ, ಇಂದಿಗೂ ಸಹ. ಯಂತ್ರಗಳು ಬದಲಾಗಿವೆ, ಮೂರು ಬಾರಿ ಮಾಡಬೇಕೆಂಬುದು ಬದಲಾಗಿಲ್ಲ.

ನಮ್ಮ ಕಲಬುರಗಿ ಜಿಲ್ಲೆ ತೊಗರಿಯ ಕಣಜ. ಇಲ್ಲಿನ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಪ್ರೋಟೀನ್ ಎಂದ ಕೂಡಲೇ ಪುಸ್ತಕದಲ್ಲಿರುವ ಮೊಟ್ಟೆಯ ಚಿತ್ರ ತೋರಿಸುವ ಬದಲು ಮನೆಯಿಂದ ಒಂದು ಹಿಡಿ ತೊಗರಿಬೇಳೆ ತರಲು ಹೇಳಿದರೆ ಸಾಕು. ಕುಟ್ಟಿ ಪುಡಿ ಮಾಡಿ, ಉಪ್ಪು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಿಳಿಗೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ, ಮೇಲೆ ದುರ್ಬಲ ಮೈಲುತುತ್ತದ ದ್ರಾವಣ ಕೆಲವು ಹನಿ ಬಿಟ್ಟರೆ ನೇರಳೆ ಬಣ್ಣ ಬರುತ್ತದೆ. ಕ್ಷಾರವನ್ನು ಮಾತ್ರ ಶಿಕ್ಷಕರೇ ಹಾಕಬೇಕು. ಇದು ಬೈಯುರೆಟ್ ಪರೀಕ್ಷೆ. ಕಮಲಾ ಅವರು ಹುಡುಕುತ್ತಿದ್ದ ವಸ್ತು ಆ ಬಣ್ಣದಲ್ಲಿ ಮಕ್ಕಳ ಕಣ್ಣಿಗೆ ಕಾಣುತ್ತದೆ. ಕುಂಚಾವರಂ ಭಾಗದ ಮಕ್ಕಳಲ್ಲಿ ಕೆಲವರು ಮನೆಯಲ್ಲಿ ತೆಲುಗು ಮಾತಾಡುತ್ತಾರೆ, ಕೆಲವರು ಲಂಬಾಣಿ. ಸಾರಜನಕ ಎಂಬ ಶಬ್ದಕ್ಕಿಂತ ಮೊದಲು ಬಣ್ಣ ತೋರಿಸುವುದು ಅಲ್ಲಿ ಹೆಚ್ಚು ಕೆಲಸ ಮಾಡಿತು.

1936ರಲ್ಲಿ ಕಮಲಾ ತಮ್ಮ ಸಂಶೋಧನೆಯನ್ನು ಬಾಂಬೆ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿ ಎಂ.ಎಸ್ಸಿ. ಪದವಿ ಪಡೆದರು. ವಿದ್ಯಾರ್ಥಿವೇತನ ಸಿಕ್ಕಿತು. 1937ರ ಕೊನೆಗೆ ಕೇಂಬ್ರಿಜ್‌ನಲ್ಲಿದ್ದರು. ಅಲ್ಲಿನ ಜೀವರಸಾಯನ ವಿಭಾಗದ ಮುಖ್ಯಸ್ಥರು ಸರ್ ಫ್ರೆಡರಿಕ್ ಗೌಲ್ಯಾಂಡ್ ಹಾಪ್ಕಿನ್ಸ್. ವಿಟಮಿನ್‌ಗಳ ಅರಿವಿಗೆ ದಾರಿ ಮಾಡಿದ ಕೆಲಸಕ್ಕಾಗಿ 1929ರಲ್ಲಿ ನೊಬೆಲ್ ಹಂಚಿಕೊಂಡವರು. ಅವರ ವಿಭಾಗದಲ್ಲಿ ಮಹಿಳೆಯರು ಸಂಶೋಧನೆ ಮಾಡುವುದು ವಿಶೇಷವಾಗಿರಲಿಲ್ಲ. ಬ್ಯಾಕ್ಟೀರಿಯಾಗಳ ರಸಾಯನಶಾಸ್ತ್ರ ಕಟ್ಟಿದ ಮಾರ್ಜರಿ ಸ್ಟೀಫನ್‌ಸನ್, ಸ್ನಾಯುಗಳ ಮೇಲೆ ಕೆಲಸ ಮಾಡಿದ ಡೊರೊತಿ ನೀಡಮ್ ಅಲ್ಲಿಯವರೇ. ಆದರೆ ಕಮಲಾ ತಲುಪುವ ಹೊತ್ತಿಗೆ ಆ ವರ್ಷದ ಜಾಗಗಳೆಲ್ಲ ತುಂಬಿದ್ದವು. ಮತ್ತೆ ಬಾಗಿಲಲ್ಲಿ ನಿಲ್ಲುವ ಪರಿಸ್ಥಿತಿ, ಈ ಸಲ ಬೇರೆ ಕಾರಣಕ್ಕೆ.

ಆಗ ಅಲ್ಲಿದ್ದ ಡೆರೆಕ್ ರಿಕ್ಟರ್ ಎಂಬ ಸಂಶೋಧಕರು ಒಂದು ಉಪಾಯ ಹೇಳಿದರು. ತಮ್ಮ ಮೇಜನ್ನು ಹಗಲು ಹೊತ್ತು ಕಮಲಾ ಬಳಸಲಿ, ತಾವು ರಾತ್ರಿ ಕೆಲಸ ಮಾಡುತ್ತೇವೆ ಎಂದು. ಹಾಪ್ಕಿನ್ಸ್ ಒಪ್ಪಿದರು. ಹೀಗೆ ಕೇಂಬ್ರಿಜ್‌ನಲ್ಲಿ ಕಮಲಾ ಅವರಿಗೆ ಸಿಕ್ಕಿದ್ದು ಹಗಲಿಗೆ ಮಾತ್ರ ಸೇರಿದ ಒಂದು ಮೇಜು. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹಾಗಾದರೆ ಆ ಮನುಷ್ಯ ಯಾವಾಗ ಮಲಗುತ್ತಿದ್ದ ಎಂದು ಕೇಳಿದಳು. ಇಡೀ ಪಾಠದಲ್ಲಿ ಬಂದ ಒಳ್ಳೆಯ ಪ್ರಶ್ನೆ ಅದು. ಬೆಂಗಳೂರಿನಲ್ಲಿ ರಾತ್ರಿ ಕೆಲಸದ ಷರತ್ತು ಕಮಲಾ ಅವರ ಮೇಲೆ ಬಿದ್ದಿತ್ತು. ಕೇಂಬ್ರಿಜ್‌ನಲ್ಲಿ ಇನ್ನೊಬ್ಬರು ಅದನ್ನು ತಾವಾಗಿ ಮೈಮೇಲೆ ಎಳೆದುಕೊಂಡರು. ರಿಕ್ಟರ್ ಮುಂದೆ ಮಿದುಳಿನ ರಸಾಯನಶಾಸ್ತ್ರದಲ್ಲಿ ಹೆಸರು ಮಾಡಿದರು. ನನ್ನ ಮಟ್ಟಿಗೆ ಅವರ ಹೆಸರು ಈ ಮೇಜಿನಿಂದ ನೆನಪಿರುತ್ತದೆ.

ರಿಕ್ಟರ್ ಬೇರೆಡೆ ಹೋದ ಮೇಲೆ ಕಮಲಾ ರಾಬಿನ್ ಹಿಲ್ ಅವರ ಜೊತೆ ಕೆಲಸ ಮುಂದುವರಿಸಿದರು. ಸಸ್ಯಶಾಸ್ತ್ರ ಓದಿದ ನಮಗೆ ಈ ಹೆಸರು ಪರಿಚಿತ. ದ್ಯುತಿಸಂಶ್ಲೇಷಣೆಯ ಹಿಲ್ ಕ್ರಿಯೆ ಇವರದೇ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಹೆಸರಿನ ಪಕ್ಕದ ಮೇಜಿನಲ್ಲಿ ನಮ್ಮ ಬೆಂಗಳೂರಿನಿಂದ ಹೋದ ಹುಡುಗಿ ಕುಳಿತಿದ್ದರು ಎಂದು ಬಿ.ಎಸ್ಸಿ.ಯಲ್ಲಿ ನಮಗೆ ಯಾರೂ ಹೇಳಿರಲಿಲ್ಲ.

ಅವರು ಕೈಗೆತ್ತಿಕೊಂಡ ವಸ್ತು ಆಲೂಗಡ್ಡೆ. ಪ್ರಾಣಿಗಳ ಜೀವಕೋಶ ಉಸಿರಾಡುವಾಗ, ಅಂದರೆ ಆಹಾರವನ್ನು ಆಮ್ಲಜನಕದ ನೆರವಿನಿಂದ ಬಳಸಿಕೊಳ್ಳುವಾಗ, ಎಲೆಕ್ಟ್ರಾನುಗಳನ್ನು ಕೈಯಿಂದ ಕೈಗೆ ದಾಟಿಸುವ ಕಬ್ಬಿಣಯುಕ್ತ ಪ್ರೋಟೀನುಗಳಿವೆ. ಸೈಟೊಕ್ರೋಮ್ ಎಂಬ ಹೆಸರು ಕೊಟ್ಟು 1925ರಲ್ಲಿ ಅವುಗಳನ್ನು ವಿವರಿಸಿದವರು ಕೇಂಬ್ರಿಜ್‌ನವರೇ ಆದ ಡೇವಿಡ್ ಕೈಲಿನ್. ಗಿಡದ ಜೀವಕೋಶವೂ ಇದೇ ದಾರಿಯಲ್ಲಿ ಉಸಿರಾಡುತ್ತದೆಯೇ ಎಂಬುದು ಆಗ ತೀರ್ಮಾನವಾಗಿರಲಿಲ್ಲ. ಕಮಲಾ ಆಲೂಗಡ್ಡೆಯ ಅಂಗಾಂಶದಲ್ಲಿ ಸೈಟೊಕ್ರೋಮ್ ಸಿ ಇರುವುದನ್ನು ಗುರುತಿಸಿದರು. ಅದು ಆಲೂಗಡ್ಡೆಗೆ ಮಾತ್ರ ಸೇರಿದ್ದಲ್ಲ, ಸಸ್ಯ ಜೀವಕೋಶಗಳಲ್ಲೂ ಉತ್ಕರ್ಷಣೆಯ ಕೆಲಸಕ್ಕೆ ಅದು ಬೇಕು ಎಂದು ತೋರಿಸಿದರು. ಹೂ ಬಿಡುವ ಸಸ್ಯಗಳ ಸೈಟೊಕ್ರೋಮ್ ಆಕ್ಸಿಡೇಸ್ ಬಗ್ಗೆ ಹಿಲ್ ಮತ್ತು ಭಾಗವತ್ ಇಬ್ಬರ ಹೆಸರಿನಲ್ಲಿ 1939ರಲ್ಲಿ ನೇಚರ್ ಪತ್ರಿಕೆಯಲ್ಲಿ ಕಿರು ಬರಹ ಪ್ರಕಟವಾಯಿತು. ಸಿರಸಿಯ ಅಡಿಕೆ ಮರ, ಕುಂಚಾವರಂ ಕಾಡಿನ ತೇಗ, ಅದನ್ನು ಕಡಿಯುವ ಮನುಷ್ಯ, ಅವನ ಎತ್ತು ಎಲ್ಲವೂ ಒಳಗೆ ಉಸಿರಾಡುವ ರೀತಿ ಒಂದೇ ಎಂಬ ತಿಳಿವಳಿಕೆಗೆ ಸೇರಿದ ಒಂದು ಕಲ್ಲು ಅದು.

ಶಾಲೆಯಲ್ಲಿ ಸೈಟೊಕ್ರೋಮ್ ತೋರಿಸಲಾಗದು. ಆದರೆ ಹಸಿ ಆಲೂಗಡ್ಡೆಯ ತುಂಡಿನ ಮೇಲೆ ಔಷಧಿ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ನೊರೆ ಉಕ್ಕುತ್ತದೆ. ಅದು ಕೆಟಲೇಸ್ ಎಂಬ ಬೇರೆ ಕಿಣ್ವದ ಕೆಲಸ, ಅದರಲ್ಲಿಯೂ ಸೈಟೊಕ್ರೋಮ್‌ನಂತೆ ಕಬ್ಬಿಣ ಇದೆ. ಬೇಯಿಸಿದ ತುಂಡಿನ ಮೇಲೆ ಹಾಕಿದರೆ ನೊರೆ ಬರುವುದಿಲ್ಲ. ಏಕೆ ಎಂದು ಮಕ್ಕಳೇ ಕೇಳಲಿ ಎಂದು ಕಾಯಬೇಕು.

ಕಮಲಾ ಅವರ ಪಿಎಚ್.ಡಿ. ಕೆಲಸ ಸುಮಾರು 14 ತಿಂಗಳಲ್ಲಿ ಮುಗಿಯಿತು. ಮಹಾಪ್ರಬಂಧ 40 ಪುಟ. ನೂರಾರು ಪುಟದ ಪ್ರಬಂಧಗಳ ನಡುವೆ ಇದು ತೆಳ್ಳಗಿನ ಹೊತ್ತಗೆ. ನಮ್ಮ ಕ್ರಿಯಾ ಸಂಶೋಧನೆಯ ವರದಿಗಳ ದಪ್ಪ ನೋಡಿದವರಿಗೆ ಈ ಅಂಕಿ ಸ್ವಲ್ಪ ನಾಚಿಕೆ ತರಬಹುದು. 1939ರಲ್ಲಿ ಪದವಿ ಬಂತು. ವಿಜ್ಞಾನ ವಿಷಯದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಗುರುತಿಸಲಾಗುತ್ತದೆ. ಇಲ್ಲಿಯೂ ಒಂದು ಸಂಗತಿಯನ್ನು ಗಮನಿಸಬೇಕು. ಹೆಣ್ಣುಮಕ್ಕಳನ್ನು ಗಂಡಸರಿಗೆ ಸಮನಾಗಿ ವಿಶ್ವವಿದ್ಯಾಲಯದ ಪೂರ್ಣ ಸದಸ್ಯರೆಂದು ಕೇಂಬ್ರಿಜ್ ಒಪ್ಪಿಕೊಂಡದ್ದು 1948ರಲ್ಲಿ. ನಮ್ಮವರು ಹಿಂದುಳಿದವರು, ಅವರು ಮುಂದುವರಿದವರು ಎಂಬ ಸುಲಭದ ಕಥೆ ಇಲ್ಲಿ ನಿಲ್ಲುವುದಿಲ್ಲ. ಹಾಪ್ಕಿನ್ಸ್ ಅವರ ವಿಭಾಗ ಒಂದು ಕೋಣೆ, ಅವರ ವಿಶ್ವವಿದ್ಯಾಲಯ ಇನ್ನೊಂದು.

ಅಲ್ಲಿಯೇ ಉಳಿಯಬಹುದಿತ್ತು. ಅವರು 1939ರಲ್ಲೇ ಭಾರತಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಹೊಸ ಜೀವರಸಾಯನ ವಿಭಾಗದ ಮುಖ್ಯಸ್ಥರಾದರು. ಹೆಸರು ದೊಡ್ಡದು, ಆದರೆ ಸಂಶೋಧನೆಗೆ ಅನುಕೂಲ ಕಡಿಮೆ. ಅಲ್ಲಿಂದ ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣಾ ಸಂಶೋಧನಾ ಪ್ರಯೋಗಾಲಯಕ್ಕೆ ಸಹಾಯಕ ನಿರ್ದೇಶಕಿಯಾಗಿ ಹೋದರು. ವಿಟಮಿನ್‌ಗಳ ಮೇಲೆ ಕೆಲಸ ಮಾಡಿದರು. ರಾಬರ್ಟ್ ಮೆಕ್ಯಾರಿಸನ್ ಕಟ್ಟಿದ ಆ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಬಂದು ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಕುಂಚಾವರಂ ಸುತ್ತಿನ ಜನ ದೊಡ್ಡ ದವಾಖಾನೆ ಎಂದರೆ ಹೈದರಾಬಾದಿನ ಕಡೆ ಮುಖ ಮಾಡುತ್ತಾರೆ. ಅದೇ ಊರಿನ ತಾರನಾಕಾದಲ್ಲಿ ನಾವು ತಿನ್ನುವ ಅನ್ನ, ಬೇಳೆ, ಸೊಪ್ಪಿನ ಲೆಕ್ಕ ಬರೆಯುವ ಸಂಸ್ಥೆಯೂ ಇದೆ ಎಂದು ಮಕ್ಕಳಿಗೆ ಹೇಳಿದರೆ, ಪ್ರಯೋಗಾಲಯ ಎಂಬುದು ಇಂಗ್ಲೆಂಡಿನಲ್ಲಿ ಮಾತ್ರ ಇರುವುದಿಲ್ಲ ಎಂದಾದರೂ ತಿಳಿಯುತ್ತದೆ.

1947ರಲ್ಲಿ ಎಂ.ವಿ. ಸೊಹೊನಿ ಅವರನ್ನು ಮದುವೆಯಾಗಿ ಕಮಲಾ ಮುಂಬಯಿಗೆ ಬಂದರು. ಪತಿ ವಿಮಾ ಗಣಿತದ ತಜ್ಞರು. ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಜೀವರಸಾಯನ ವಿಭಾಗಕ್ಕೆ ಪ್ರಾಧ್ಯಾಪಕಿಯಾದರು. ಈಗ ಅವರು ಮೇಜು ಕೇಳುವವರಲ್ಲ, ಕೊಡುವವರು. ಬೆಂಗಳೂರಿನಲ್ಲಿ ಶುರುಮಾಡಿದ ಕಾಳುಗಳ ಕೆಲಸಕ್ಕೆ ತಮ್ಮ ವಿದ್ಯಾರ್ಥಿಗಳೊಂದಿಗೆ ಮರಳಿದರು. ಹಸಿ ಕಾಳುಗಳಲ್ಲಿ ನಮ್ಮ ಜೀರ್ಣರಸದ ಟ್ರಿಪ್ಸಿನ್ ಎಂಬ ಕಿಣ್ವವನ್ನು ತಡೆಯುವ ಪದಾರ್ಥಗಳಿವೆ. ಅವು ಹೊಟ್ಟೆಗೆ ಹೋದರೆ ತಿಂದ ಪ್ರೋಟೀನ್ ಸರಿಯಾಗಿ ಜೀರ್ಣವಾಗುವುದಿಲ್ಲ. ಅವರ ಪ್ರಯೋಗಾಲಯದಲ್ಲಿ ಅಂಥ ತಡೆಕಾರಕವನ್ನು ಅವರೆಕಾಳಿನಿಂದ ಹರಳಿನ ರೂಪದಲ್ಲಿ ಬೇರ್ಪಡಿಸಿದ ಕೆಲಸ 1955ರಲ್ಲಿ ನೇಚರ್‌ನಲ್ಲಿ ಬಂತು. ಕಾಳನ್ನು ಚೆನ್ನಾಗಿ ಬೇಯಿಸಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ. ಕಾಳು ಮೆತ್ತಗಾಗುವವರೆಗೆ ಒಲೆಯಿಂದ ಇಳಿಸಬೇಡ ಎಂದು ಅಜ್ಜಿ ಹೇಳುವುದಕ್ಕೆ ರಸಾಯನಶಾಸ್ತ್ರದ ಕಾರಣ ಇಲ್ಲಿದೆ.

ಅವರಿಗೆ ಹೆಚ್ಚು ಹೆಸರು ತಂದದ್ದು ನೀರಾ. ಅಂದಿನ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಸೂಚಿಸಿದ ವಿಷಯ ಅದು. ಇದನ್ನು ನಮ್ಮ ಭಾಗದ ಮಕ್ಕಳಿಗೆ ವಿವರಿಸಬೇಕಿಲ್ಲ. ಗಡಿ ಭಾಗದಲ್ಲಿ ಸಿಂದಿ ಗಿಡ ಯಾವುದು ಎಂದು ಎಲ್ಲರಿಗೂ ಗೊತ್ತು, ಸಿಂದಿ ಎಂದ ಕೂಡಲೇ ತರಗತಿಯಲ್ಲಿ ನಗು ಏಳುತ್ತದೆ. ಆ ನಗುವಿನ ನಂತರವೇ ಪಾಠ ಶುರು. ಬೆಳಗಿನ ಜಾವ ಇಳಿಸಿದ, ಹುಳಿ ಬಾರದ ರಸ ನೀರಾ. ಬಿಸಿಲೇರಿ ಯೀಸ್ಟ್ ಕೆಲಸ ಮಾಡಿದರೆ ಅದೇ ಸಿಂದಿ. ಗಡಿಗೆಯ ಒಳಗೆ ಸುಣ್ಣ ಬಳಿಯುವುದು ಆ ಹುದುಗುವಿಕೆಯನ್ನು ತಡೆಯಲು. ಸಕ್ಕರೆ ಮದ್ಯಸಾರವಾಗುವ ಸಮೀಕರಣವನ್ನು ಕಪ್ಪು ಹಲಗೆಯ ಮೇಲೆ ಬರೆಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಕಮಲಾ ಮತ್ತು ಅವರ ವಿದ್ಯಾರ್ಥಿಗಳು ನೀರಾದಲ್ಲಿ ಎ ಮತ್ತು ಸಿ ವಿಟಮಿನ್‌ಗಳು, ಕಬ್ಬಿಣ ಇರುವುದನ್ನು ಕಂಡರು. ಅದನ್ನು ಕಾಸಿ ತಾಳೆಬೆಲ್ಲ ಮಾಡಿದಾಗಲೂ ಈ ಅಂಶಗಳು ಉಳಿಯುತ್ತವೆ ಎಂದು ತೋರಿಸಿದರು. ಸರಿಯಾದ ಊಟ ಸಿಗದ ಆದಿವಾಸಿ ಸಮುದಾಯಗಳ ಹದಿಹರೆಯದ ಮಕ್ಕಳಿಗೆ, ಗರ್ಭಿಣಿಯರಿಗೆ ನೀರಾ ಕೊಟ್ಟು ನೋಡಿದಾಗ ಅವರ ಆರೋಗ್ಯ ಸುಧಾರಿಸಿತು. ಈ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಮುಂಬಯಿಯ ಆರೇ ಹಾಲಿನ ಯೋಜನೆಗೂ ಗುಣಮಟ್ಟದ ವಿಷಯದಲ್ಲಿ ಸಲಹೆ ಕೊಟ್ಟರು. ಹಾಲು, ಬೇಳೆ, ಮರದ ರಸ: ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಆರಿಸಿಕೊಂಡ ಬಡವರ ಊಟದ ಪ್ರಶ್ನೆಯನ್ನು ಅವರು ಕೊನೆಯವರೆಗೆ ಬಿಡಲಿಲ್ಲ.

ಬಾಗಿಲುಗಳ ಕಥೆಯೂ ಅವರನ್ನು ಬಿಡಲಿಲ್ಲ ಎನ್ನಬೇಕು. ಸಂಸ್ಥೆಯ ನಿರ್ದೇಶಕಿ ಹುದ್ದೆ ಅವರಿಗೆ ಸಿಗಬೇಕಾದ ಕಾಲಕ್ಕೆ ಸಿಗಲಿಲ್ಲ. ಒಳಗಿನ ರಾಜಕೀಯದಿಂದ ನಾಲ್ಕು ವರ್ಷ ತಡವಾಗಿ ಸಿಕ್ಕಿತು. ರಾಮನ್ ಅವರ ವಿಷಯ ಹೇಳುವ ನಾವು ಇದನ್ನು ಬಿಟ್ಟರೆ, ಒಬ್ಬ ಮನುಷ್ಯ ಒಂದು ದಿನ ತಪ್ಪು ಮಾಡಿದ, ಆಮೇಲೆ ಎಲ್ಲ ಸರಿಹೋಯಿತು ಎಂದು ಮಕ್ಕಳು ತಿಳಿಯುತ್ತಾರೆ.

ನಿವೃತ್ತಿಯ ನಂತರ ಅವರು ಮುಂಬಯಿಯ ಗ್ರಾಹಕ ಮಾರ್ಗದರ್ಶನ ಸಂಘದಲ್ಲಿ ದುಡಿದರು. 1966ರಲ್ಲಿ ಮಹಿಳೆಯರೇ ಸೇರಿ ಕಟ್ಟಿದ ಸಂಘ ಅದು. 1982ರಿಂದ 83ರವರೆಗೆ ಅದರ ಅಧ್ಯಕ್ಷೆಯಾಗಿದ್ದರು. ಸಂಘದ ಕೀಮತ್ ಪತ್ರಿಕೆಯಲ್ಲಿ ಗ್ರಾಹಕರ ಸುರಕ್ಷತೆಯ ಬಗ್ಗೆ ಸಾಮಾನ್ಯ ಓದುಗರಿಗೆ ತಿಳಿಯುವಂತೆ ಬರೆದರು. ನೇಚರ್‌ಗೆ ಬರೆದ ಕೈ ಕೀಮತ್‌ಗೂ ಬರೆಯಿತು. ಬೋಧಕರಾದ ನಮಗೆ ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ ಎಂದು ನನಗೆ ಅನ್ನಿಸುವುದಿಲ್ಲ.

1998ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೆಹಲಿಯಲ್ಲಿ ಅವರನ್ನು ಸನ್ಮಾನಿಸಿತು. ಆಗ ಅವರಿಗೆ ಎಂಬತ್ತಾರು ದಾಟಿತ್ತು. ಆ ಸಮಾರಂಭದಲ್ಲೇ ಕುಸಿದ ಅವರು ಅದಾದ ಕೆಲವೇ ಸಮಯದಲ್ಲಿ ತೀರಿಕೊಂಡರು. 2023ರ ಜೂನ್ 18ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತು. ಆ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಾಗ ಮಕ್ಕಳು ಮೊದಲು ಕೇಳಿದ್ದು ಇವರು ಯಾವ ಊರಿನವರು ಎಂದು. ಇಂದೋರಿನಲ್ಲಿ ಹುಟ್ಟಿದರು, ಮುಂಬಯಿಯಲ್ಲಿ ಓದಿದರು, ಕೆಲಸ ಕಲಿತದ್ದು ನಮ್ಮ ಬೆಂಗಳೂರಿನಲ್ಲಿ ಎಂದು ಹೇಳಿ, ತೊಗರಿಬೇಳೆ ಕುಟ್ಟಲು ಕೊಟ್ಟೆ.